ಪ್ರಿಂಟರ್ ಪಟ್ಟಿಯಿಂದ ಪಿಡಿಎಫ್ ಮಾಯವಾಗಿದೆಯೇ? ಮರಳಿ ತರುವುದು ಹೀಗೆ

ಅರ್ಜಿ ತುಂಬಿ ಮುಗಿದಿದೆ. ಕಂಟ್ರೋಲ್ ಹಿಡಿದು ಪಿ ಒತ್ತಿದ್ದೀರಿ. ಪ್ರಿಂಟರ್‌ಗಳ ಪಟ್ಟಿ ತೆರೆದುಕೊಂಡಿದೆ. ಮೂಲೆಯಲ್ಲಿರುವ ಲೇಸರ್ ಪ್ರಿಂಟರ್ ಹೆಸರಿದೆ, ಫ್ಯಾಕ್ಸ್ ಇದೆ, ಒನ್‌ನೋಟ್ ಇದೆ. ದಿನಾ ಒತ್ತುತ್ತಿದ್ದ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಮಾತ್ರ ಇಲ್ಲ.

ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿ ಇರಲಿ, ಹುಬ್ಬಳ್ಳಿಯ ಡಿಟಿಪಿ ಸೆಂಟರ್ ಇರಲಿ, ಗದಗ ಅಥವಾ ಹಾವೇರಿಯ ಶಾಲೆಯ ಆಫೀಸ್ ಇರಲಿ, ಈ ತೊಂದರೆ ಮೇಲಿಂದ ಮೇಲೆ ಬರುತ್ತದೆ. ಆಗ ಬಹಳ ಜನ ‘ಫ್ರೀ ಪಿಡಿಎಫ್ ಪ್ರಿಂಟರ್’ ಅಂತ ಗೂಗಲ್‌ನಲ್ಲಿ ಹುಡುಕುತ್ತಾರೆ. ಮೊದಲು ಸಿಕ್ಕಿದ್ದನ್ನು ಇಳಿಸಿಕೊಂಡು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಥವುಗಳಲ್ಲಿ ಕೆಲವು ಪ್ರತಿ ಪುಟದ ಮೇಲೂ ತಮ್ಮ ಮುದ್ರೆ ಒತ್ತುತ್ತವೆ. ಕೆಲವು ತಮ್ಮ ಜೊತೆ ಜಾಹೀರಾತು, ಬೇಡದ ಟೂಲ್‌ಬಾರ್ ತರುತ್ತವೆ. ಊರಿನವರ ಆಧಾರ್, ಪಹಣಿ, ಅಂಕಪಟ್ಟಿ ಎಲ್ಲಾ ಹಾದುಹೋಗುವ ಕಂಪ್ಯೂಟರಿಗೆ ಗುರುತಿಲ್ಲದ ಸಾಫ್ಟ್‌ವೇರ್ ಸೇರಿಸುವುದು ಒಳ್ಳೆಯದಲ್ಲ.

ನಿಮಗೆ ಬೇಕಾದದ್ದು ಕಂಪ್ಯೂಟರಿನ ಒಳಗೇ ಇದೆ. 2015ರಲ್ಲಿ ವಿಂಡೋಸ್ 10 ಬಂದಾಗಿನಿಂದ ಪಿಡಿಎಫ್ ಪ್ರಿಂಟರ್ ವಿಂಡೋಸ್ ಜೊತೆಯಲ್ಲೇ ಬರುತ್ತಿದೆ. ವಿಂಡೋಸ್ 11ರಲ್ಲೂ ಇದೆ. ಕಾಣುತ್ತಿಲ್ಲ ಅಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗಿರುತ್ತದೆ. ಯಾರೋ ಪಟ್ಟಿಯಿಂದ ತೆಗೆದಿರುತ್ತಾರೆ, ಇಲ್ಲವೇ ಆ ಸೌಲಭ್ಯವೇ ಆಫ್ ಆಗಿರುತ್ತದೆ, ಇಲ್ಲವೇ ಎಲ್ಲಾ ಪ್ರಿಂಟರ್‌ಗಳನ್ನು ನಡೆಸುವ ಸ್ಪೂಲರ್ ನಿಂತಿರುತ್ತದೆ. ಮೂರಕ್ಕೂ ದುಡ್ಡು ಬೇಕಿಲ್ಲ. ಹೆಚ್ಚಿನ ಸಲ ಇಂಟರ್ನೆಟ್ ಕೂಡ ಬೇಕಿಲ್ಲ.

ಪರದೆಯ ಮೇಲಿನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನಿಮ್ಮ ಕಂಪ್ಯೂಟರಿನಲ್ಲಿ ಅವು ಇಂಗ್ಲಿಷಿನಲ್ಲಿ ಇರುತ್ತವೆ. ಓದಿಕೊಂಡು ಹೊಂದಿಸಿಕೊಳ್ಳಿ.

ಗಿರಾಕಿ ಎದುರಿಗೇ ನಿಂತಿದ್ದರೆ

ರಿಪೇರಿ ಆಮೇಲೆ ಮಾಡೋಣ. ಕೈಯಲ್ಲಿರುವ ಕೆಲಸ ಮೊದಲು ಮುಗಿಯಲಿ. ಪಿಡಿಎಫ್ ಮಾಡಲು ಆ ಪ್ರಿಂಟರ್ ಇರಲೇಬೇಕು ಅಂತೇನಿಲ್ಲ.

ಕೆಲಸ ಬ್ರೌಸರ್‌ನಲ್ಲಿದ್ದರೆ, ಅಂದರೆ ಸ್ಕಾಲರ್‌ಶಿಪ್ ಅರ್ಜಿ, ಪಹಣಿ, ಹೆಸ್ಕಾಂ ಬಿಲ್ಲಿನ ರಸೀದಿ, ಪರೀಕ್ಷೆಯ ಹಾಲ್ ಟಿಕೆಟ್ ಇಂಥವು, ಕಂಟ್ರೋಲ್ ಪಿ ಒತ್ತಿ. ಕ್ರೋಮ್‌ನಲ್ಲಿ ‘ಡೆಸ್ಟಿನೇಷನ್’ ಅಂತ ಒಂದು ಸಾಲು ಬರುತ್ತದೆ. ಅದರ ಮೇಲೆ ಒತ್ತಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ. ಕಾಣದಿದ್ದರೆ ಅಲ್ಲೇ ಕೆಳಗಿನ ‘ಸೀ ಮೋರ್’ ಒತ್ತಿ ನೋಡಿ. ಎಡ್ಜ್‌ನಲ್ಲೂ ಇದೇ ಹೆಸರು, ಫೈರ್‌ಫಾಕ್ಸ್‌ನಲ್ಲಿ ‘ಸೇವ್ ಟು ಪಿಡಿಎಫ್’. ಇದು ಬ್ರೌಸರಿನ ಸ್ವಂತ ಸೌಲಭ್ಯ. ವಿಂಡೋಸ್‌ನ ಪಿಡಿಎಫ್ ಪ್ರಿಂಟರ್ ಇದ್ದರೂ ಇಲ್ಲದಿದ್ದರೂ ಇದು ನಡೆಯುತ್ತದೆ.

ಅಲ್ಲೇ ‘ಮೋರ್ ಸೆಟಿಂಗ್ಸ್’ ತೆರೆದು ಎರಡು ಕಡೆ ನೋಡಿ. ‘ಹೆಡರ್ಸ್ ಆ್ಯಂಡ್ ಫೂಟರ್ಸ್’ ಮುಂದಿನ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಪುಟದ ಮೇಲೆ ಕೆಳಗೆ ವೆಬ್‌ಸೈಟಿನ ವಿಳಾಸ, ದಿನಾಂಕ ಎಲ್ಲಾ ಬಂದು ಕೂರುತ್ತವೆ. ‘ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್’ ಮುಂದೆ ಟಿಕ್ ಹಾಕಿ. ಇಲ್ಲದಿದ್ದರೆ ಪ್ರಮಾಣಪತ್ರದ ಹಿಂದಿನ ಬಣ್ಣ, ಕೋಷ್ಟಕದ ಬಣ್ಣದ ಪಟ್ಟಿ ಬಿಟ್ಟುಹೋಗಬಹುದು.

ಕೆಲಸ ವರ್ಡ್‌ನಲ್ಲಿದ್ದರೆ ಎಫ್ 12 ಒತ್ತಿ. ‘ಸೇವ್ ಆ್ಯಸ್’ ಕಿಟಕಿ ತೆರೆಯುತ್ತದೆ. ಫೈಲ್ ಹೆಸರಿನ ಕೆಳಗೆ ‘ಸೇವ್ ಆ್ಯಸ್ ಟೈಪ್’ ಅಂತ ಇರುತ್ತದೆ. ಅದರಲ್ಲಿ ಪಿಡಿಎಫ್ ಆರಿಸಿ ಸೇವ್ ಮಾಡಿ. ವರ್ಡ್ 2010 ಮತ್ತು ಆಮೇಲಿನ ಎಲ್ಲದರಲ್ಲೂ ಇದು ಇದೆ. ಎಕ್ಸೆಲ್‌ನಲ್ಲೂ ಇದೇ ದಾರಿ. ಆದರೆ ಎಕ್ಸೆಲ್ ತಾನಾಗಿಯೇ ತೆರೆದಿರುವ ಶೀಟನ್ನು ಮಾತ್ರ ಪಿಡಿಎಫ್ ಮಾಡುತ್ತದೆ. ಅಂಕಪಟ್ಟಿಯ ಎಲ್ಲಾ ತರಗತಿಗಳ ಶೀಟ್ ಬೇಕಿದ್ದರೆ ‘ಆಪ್ಷನ್ಸ್’ ಒತ್ತಿ ‘ಎಂಟೈರ್ ವರ್ಕ್‌ಬುಕ್’ ಆರಿಸಬೇಕು. ವರ್ಡ್, ಎಕ್ಸೆಲ್‌ನಂಥದೇ ಪುಕ್ಕಟೆ ಸಾಫ್ಟ್‌ವೇರ್ ಲಿಬ್ರೆಆಫೀಸ್ ಬಳಸುವವರಿಗೆ ಮೇಲಿನ ಪಟ್ಟಿಯಲ್ಲೇ ಪಿಡಿಎಫ್ ಗುಂಡಿ ಇದೆ.

ನನ್ನನ್ನು ಕೇಳಿದರೆ, ಪ್ರಿಂಟರ್ ಸರಿಯಾದ ಮೇಲೂ ವರ್ಡ್, ಎಕ್ಸೆಲ್ ಫೈಲುಗಳಿಗೆ ಇದೇ ದಾರಿ ಇಟ್ಟುಕೊಳ್ಳಿ. ‘ಪ್ರಿಂಟ್ ಟು ಪಿಡಿಎಫ್’ ಮೂಲಕ ಹೋದರೆ ಫೈಲಿನೊಳಗಿನ ಲಿಂಕ್‌ಗಳು ಸತ್ತುಹೋಗುತ್ತವೆ, ಒತ್ತಿದರೆ ತೆರೆಯುವುದಿಲ್ಲ. ಸೇವ್ ಆ್ಯಸ್ ಮಾಡಿದರೆ ಉಳಿಯುತ್ತವೆ. ಇನ್ನೊಂದು ಲಾಭವೂ ಇದೆ. ಸೇವ್ ಆ್ಯಸ್ ಕಿಟಕಿಯಲ್ಲಿ ‘ಮಿನಿಮಮ್ ಸೈಜ್’ ಅಂತ ಒಂದು ಆಯ್ಕೆ ಸಿಗುತ್ತದೆ. ಅರ್ಜಿಯ ಸೈಟು ‘ಫೈಲ್ ದೊಡ್ಡದಾಯಿತು’ ಅಂತ ವಾಪಸ್ ಕಳಿಸಿದಾಗ ಅದು ಕೆಲಸಕ್ಕೆ ಬರುತ್ತದೆ. ಪ್ರಿಂಟ್ ಟು ಪಿಡಿಎಫ್‌ನಲ್ಲಿ ಗಾತ್ರ ಇಳಿಸುವ ಆಯ್ಕೆಯೇ ಇಲ್ಲ.

ಹಾಗಾದರೆ ಪಿಡಿಎಫ್ ಪ್ರಿಂಟರ್ ಯಾಕೆ ಬೇಕು? ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಇಲ್ಲದ ಸಾಫ್ಟ್‌ವೇರ್‌ಗಳು ಇನ್ನೂ ಬೇಕಾದಷ್ಟಿವೆ. ಹಳೆಯ ಲೆಕ್ಕದ ಸಾಫ್ಟ್‌ವೇರ್, ಸೊಸೈಟಿಯ ಸಾಲದ ಸಾಫ್ಟ್‌ವೇರ್, ಅಡತಿ ಅಂಗಡಿಯ ಬಿಲ್ಲಿಂಗ್, ನೋಟ್‌ಪ್ಯಾಡ್, ಫೋಟೋ ತೋರಿಸುವ ಪ್ರೋಗ್ರಾಂ. ಇವುಗಳಿಗೆ ‘ಪ್ರಿಂಟ್’ ಗುಂಡಿಯೊಂದೇ ಗೊತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಕೂತು ಮೆಣಸಿನಕಾಯಿ ಬಿಲ್ಲನ್ನು ರೈತರ ವಾಟ್ಸಾಪ್‌ಗೆ ಕಳಿಸಬೇಕು ಅಂದರೆ ಪ್ರಿಂಟರ್ ಪಟ್ಟಿಯಲ್ಲಿ ಪಿಡಿಎಫ್ ಇರಲೇಬೇಕು.

ನಿಜವಾಗಿ ಹೋಗಿದೆಯಾ ಅಂತ ಮೊದಲು ನೋಡಿ

ಸ್ಟಾರ್ಟ್ ಒತ್ತಿ ‘ಸೆಟಿಂಗ್ಸ್’ ತೆರೆಯಿರಿ. ವಿಂಡೋಸ್ 11ರಲ್ಲಿ ‘ಬ್ಲೂಟೂತ್ ಆ್ಯಂಡ್ ಡಿವೈಸಸ್’, ವಿಂಡೋಸ್ 10ರಲ್ಲಿ ಬರೀ ‘ಡಿವೈಸಸ್’. ಅದರೊಳಗೆ ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’.

ಇಲ್ಲಿ ಪಟ್ಟಿಯಲ್ಲಿ ಪಿಡಿಎಫ್ ಪ್ರಿಂಟರ್ ಇದ್ದು, ನೀವು ಕೆಲಸ ಮಾಡುವ ಸಾಫ್ಟ್‌ವೇರ್‌ನಲ್ಲಿ ಮಾತ್ರ ಕಾಣುತ್ತಿಲ್ಲ ಅಂದರೆ ವಿಂಡೋಸ್‌ನದು ತಪ್ಪಿಲ್ಲ. ಆ ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ. ಬಹಳಷ್ಟು ಹಳೆಯ ಸಾಫ್ಟ್‌ವೇರ್‌ಗಳು ತೆರೆಯುವಾಗ ಒಮ್ಮೆ ಮಾತ್ರ ಪ್ರಿಂಟರ್ ಪಟ್ಟಿ ಓದಿಕೊಳ್ಳುತ್ತವೆ.

ಪ್ರಿಂಟರ್ ಇದೆ, ಆದರೆ ಕೊಟ್ಟ ಪ್ರಿಂಟ್ ಬೇರೆಲ್ಲೋ ಹೋಗುತ್ತಿದೆ ಅಂತಾದರೆ ಅದೇ ಪುಟದಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಆಯ್ಕೆ ಆನ್ ಇದೆಯಾ ನೋಡಿ. ಆನ್ ಇದ್ದರೆ ನೀವು ಕೊನೆಗೆ ಬಳಸಿದ ಪ್ರಿಂಟರ್ ತಾನೇ ಡೀಫಾಲ್ಟ್, ಅಂದರೆ ಮುಂದಿನ ಸಲ ತಾನಾಗಿ ಆಯ್ಕೆಯಾಗುವ ಪ್ರಿಂಟರ್, ಆಗಿಬಿಡುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಇದನ್ನು ಆಫ್ ಮಾಡಿಡುವುದೇ ಚಲೋ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ‘ಅಡೋಬ್ ಪಿಡಿಎಫ್’ ಅನ್ನುವ ಪ್ರಿಂಟರ್ ಬೇರೆ. ಅದು ದುಡ್ಡು ಕೊಟ್ಟು ಕೊಳ್ಳುವ ಅಡೋಬ್ ಆ್ಯಕ್ರೋಬ್ಯಾಟ್ ಜೊತೆ ಬರುತ್ತದೆ. ಪುಕ್ಕಟೆ ಸಿಗುವ ರೀಡರ್ ಹಾಕಿದರೆ ಅದು ಬರುವುದಿಲ್ಲ. ಬೇರೆ ಅಂಗಡಿಯಲ್ಲಿ ಆ ಹೆಸರು ನೋಡಿದವರು ಮತ್ತೆ ಮತ್ತೆ ರೀಡರ್ ಇನ್‌ಸ್ಟಾಲ್ ಮಾಡುತ್ತಾ ಸುಮ್ನೆ ಸಮಯ ಕಳೆಯುತ್ತಾರೆ. ಹಾಗೆಯೇ ವರ್ಡ್‌ನ ಪ್ರಿಂಟ್ ಆಯ್ಕೆಗಳಲ್ಲಿ ‘ಪ್ರಿಂಟ್ ಟು ಫೈಲ್’ ಅಂತ ಒಂದಿದೆ. ಹೆಸರು ಕೇಳಿದರೆ ಇದೇ ಇರಬೇಕು ಅನ್ನಿಸುತ್ತದೆ, ಅಲ್ವಾ? ಅದು ಪಿಆರ್‌ಎನ್ ಅನ್ನುವ ಫೈಲ್ ಮಾಡುತ್ತದೆ. ಪ್ರಿಂಟರಿಗೆ ಮಾತ್ರ ತಿಳಿಯುವ ಫೈಲ್ ಅದು, ವಾಟ್ಸಾಪ್‌ನಲ್ಲಿ ಕಳಿಸಿದರೆ ಯಾರ ಫೋನಿನಲ್ಲೂ ತೆರೆಯುವುದಿಲ್ಲ.

ಸೌಲಭ್ಯವನ್ನು ಆಫ್ ಮಾಡಿ ಆನ್ ಮಾಡುವುದು

ಗದಗ ಕಡೆಯ ಶಾಲೆಯ ಮೇಡಂ ಒಬ್ಬರು ಫೋನ್ ಮಾಡಿದ್ದರು. ಮಾತು ಹೀಗೆ ನಡೆಯಿತು.

“ಸರ, ಪಿಡಿಎಫ್ ಅನ್ನೋದ ಪಟ್ಟಿಯೊಳಗ ಕಾಣವಲ್ದ್ರಿ. ನಿನ್ನಿ ತನಕಾ ಇತ್ತು.”

“ನಿನ್ನಿ ಯಾರರ ಕಂಪ್ಯೂಟರ್ ಮುಟ್ಟಿದ್ರೇನ್ರಿ ಮೇಡಂ?”

“ಹೊಸ ಪ್ರಿಂಟರ್ ಹಚ್ಚಾಕ ಒಬ್ರು ಬಂದಿದ್ರ್ರಿ. ಹಳೇವೆಲ್ಲಾ ತಗದ ಹೋದ್ರು.”

“ಹಂಗಾರ ಅವುಗಳ ಜೋಡಿ ಇದನ್ನೂ ತಗದಾರ. ಎಲ್ಲೂ ಹೋಗಿಲ್ರಿ, ಒಳಗ ಐತಿ. ಹೊರಗ ತರೋಣಂತ.”

ಹೆಚ್ಚಾಗಿ ಆಗುವುದು ಇದೇ. ಹೊಸ ಪ್ರಿಂಟರ್ ಹಚ್ಚುವವರು ಪಟ್ಟಿ ಚೊಕ್ಕ ಮಾಡಲು ಹೋಗಿ ಪಿಡಿಎಫ್ ಮೇಲೂ ‘ರಿಮೂವ್’ ಒತ್ತಿರುತ್ತಾರೆ. ಹಾಗೆ ಮಾಡಿದಾಗ ಪಟ್ಟಿಯಲ್ಲಿನ ಹೆಸರು ಹೋಗುತ್ತದೆ, ವಿಂಡೋಸ್ ಒಳಗಿನ ಸೌಲಭ್ಯ ಹಾಗೇ ಇರುತ್ತದೆ. ಆದ್ದರಿಂದ ಅದನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ವಿಂಡೋಸ್ ಪ್ರಿಂಟರನ್ನು ಹೊಸದಾಗಿ ಪಟ್ಟಿಗೆ ಸೇರಿಸುತ್ತದೆ.

ಮೇಡಂಗೆ ಫೋನಿನಲ್ಲೇ ಹೇಳಿದ ಕ್ರಮ ಇದು. ಸ್ಟಾರ್ಟ್ ಗುಂಡಿ ಒತ್ತಿ ‘ವಿಂಡೋಸ್ ಫೀಚರ್ಸ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಅನ್ನುವ ಸಾಲು ಬರುತ್ತದೆ. ಅದನ್ನು ತೆರೆಯಿರಿ. ಒಂದು ಸಣ್ಣ ಕಿಟಕಿಯಲ್ಲಿ ಟಿಕ್ ಡಬ್ಬಿಗಳ ಉದ್ದನೆ ಪಟ್ಟಿ ಕಾಣುತ್ತದೆ. ಅದು ತುಂಬಿಕೊಳ್ಳಲು ಕೆಲವು ಸೆಕೆಂಡ್ ಬೇಕು, ಖಾಲಿ ಕಂಡರೆ ಗಾಬರಿ ಬೇಡ. ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಇರುತ್ತವೆ. ಕೆಳಗೆ ಇಳಿದು ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಹುಡುಕಿ. ಹತ್ತಿರದಲ್ಲೇ ‘ಎಕ್ಸ್‌ಪಿಎಸ್ ಡಾಕ್ಯುಮೆಂಟ್ ರೈಟರ್’ ಇರುತ್ತದೆ, ಅದನ್ನು ಮುಟ್ಟಬೇಡಿ.

ಡಬ್ಬಿ ಖಾಲಿ ಇದ್ದರೆ ಟಿಕ್ ಹಾಕಿ ‘ಓಕೆ’ ಒತ್ತಿ. ಕೆಲಸ ಮುಗಿಯಿತು. ಟಿಕ್ ಮೊದಲೇ ಇದ್ದರೆ ಅದನ್ನು ತೆಗೆದು ಓಕೆ ಒತ್ತಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಮತ್ತೆ ಅಲ್ಲಿಗೇ ಬಂದು ಟಿಕ್ ಹಾಕಿ ಓಕೆ ಒತ್ತಿ. ನಡುವಿನ ರೀಸ್ಟಾರ್ಟ್ ಬಿಡಬೇಡಿ. ವಿಂಡೋಸ್ ಕೇಳದಿದ್ದರೂ ನೀವೇ ಮಾಡಿ. ಅವಸರದಲ್ಲಿ ಅದನ್ನು ಬಿಟ್ಟವರಿಗೆ ಟಿಕ್ ಇದ್ದೂ ಪ್ರಿಂಟರ್ ಬಾರದ ಸ್ಥಿತಿ ಹಾಗೇ ಉಳಿಯುತ್ತದೆ.

ರೀಸ್ಟಾರ್ಟ್ ಅಂದರೆ ಸ್ಟಾರ್ಟ್ ಮೆನುವಿನ ‘ರೀಸ್ಟಾರ್ಟ್’ ಅಂತಲೇ ಆಗಬೇಕು. ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದರೆ ಸಾಕಾಗುವುದಿಲ್ಲ. ಬೇಗ ತೆರೆಯಲಿ ಅಂತ ವಿಂಡೋಸ್ ಶಟ್‌ಡೌನ್ ಹೊತ್ತಿನಲ್ಲಿ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಉಳಿಸಿಟ್ಟುಕೊಳ್ಳುತ್ತದೆ. ‘ಫಾಸ್ಟ್ ಸ್ಟಾರ್ಟಪ್’ ಅಂತ ಅದರ ಹೆಸರು. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲವೂ ಮೊದಲಿಂದ ಶುರುವಾಗುತ್ತದೆ.

ಆ ಶಾಲೆಯಲ್ಲಿ ಇಷ್ಟಕ್ಕೇ ಪ್ರಿಂಟರ್ ಮರಳಿ ಬಂತು. ನಿಮ್ಮಲ್ಲೂ ಬರುವ ಸಂಭವ ಜಾಸ್ತಿ.

ಆಗಲೂ ಬಾರದಿದ್ದರೆ ಕೈಯಾರೆ ಸೇರಿಸಿ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಒಂದು ಮೆಟ್ಟಿಲು ತಪ್ಪಿದರೂ ಪ್ರಿಂಟರ್ ಹೆಸರು ಬರುತ್ತದೆ, ಕೆಲಸ ಮಾಡುವುದಿಲ್ಲ.

1. ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’ ಪುಟದಲ್ಲಿ ‘ಆ್ಯಡ್ ಡಿವೈಸ್’ ಒತ್ತಿ. ವಿಂಡೋಸ್ 10ರಲ್ಲಿ ಇದು ‘ಆ್ಯಡ್ ಎ ಪ್ರಿಂಟರ್ ಆರ್ ಸ್ಕ್ಯಾನರ್’. ವಿಂಡೋಸ್ ಹುಡುಕಾಟ ಶುರು ಮಾಡುತ್ತದೆ. ಸುಮ್ಮನೆ ಕಾಯಿರಿ.

2. ಸ್ವಲ್ಪ ಹೊತ್ತಿಗೆ ‘ದ ಪ್ರಿಂಟರ್ ದಟ್ ಐ ವಾಂಟ್ ಈಸಂಟ್ ಲಿಸ್ಟೆಡ್’ ಅನ್ನುವ ಸಾಲು ಬರುತ್ತದೆ. ವಿಂಡೋಸ್ 11ರಲ್ಲಿ ಅದರ ಮುಂದೆ ಕೈಯಾರೆ ಸೇರಿಸುವ ಗುಂಡಿ ಇರುತ್ತದೆ. ಒತ್ತಿ.

3. ಹೊಸ ಕಿಟಕಿಯಲ್ಲಿ ಹಲವು ಆಯ್ಕೆಗಳಿರುತ್ತವೆ. ಕೊನೆಯದು, ‘ಆ್ಯಡ್ ಎ ಲೋಕಲ್ ಪ್ರಿಂಟರ್’ ಅಂತ ಶುರುವಾಗುವುದು, ನಮಗೆ ಬೇಕಾದದ್ದು. ‘ನೆಕ್ಸ್ಟ್’.

4. ಈಗ ಪೋರ್ಟ್, ಅಂದರೆ ಪ್ರಿಂಟ್ ಯಾವ ದಾರಿಯಲ್ಲಿ ಹೋಗಬೇಕು ಅಂತ, ಕೇಳುತ್ತದೆ. ‘ಯೂಸ್ ಆ್ಯನ್ ಎಕ್ಸಿಸ್ಟಿಂಗ್ ಪೋರ್ಟ್’ ಮೇಲೆ ಇಟ್ಟು ಪಟ್ಟಿ ತೆರೆಯಿರಿ. ಎಲ್‌ಪಿಟಿ, ಕಾಮ್ ಅಂತೆಲ್ಲಾ ಸಾಲುಗಳು ಇರುತ್ತವೆ. ಅವನ್ನೆಲ್ಲಾ ದಾಟಿ ‘ಪೋರ್ಟ್‌ಪ್ರಾಂಪ್ಟ್’ ಆರಿಸಿ. ಅದೇ ಪಟ್ಟಿಯಲ್ಲಿ ‘ಫೈಲ್’ ಅಂತಲೂ ಒಂದಿದೆ. ಜನ ಎಡವುವುದು ಅಲ್ಲೇ. ಅದನ್ನು ಆರಿಸಬೇಡಿ. ಪಿಡಿಎಫ್‌ಗೆ ಹೆಸರು ಕೊಟ್ಟು ಎಲ್ಲಿಡಬೇಕು ಅಂತ ಕೇಳುವ ಕಿಟಕಿ ತೆರೆಯುವುದು ಪೋರ್ಟ್‌ಪ್ರಾಂಪ್ಟ್ ಮೂಲಕ.

5. ಎಡಗಡೆ ಕಂಪನಿಗಳ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್’, ಬಲಗಡೆ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿ. ಬಲಗಡೆ ಆ ಹೆಸರಿಲ್ಲದಿದ್ದರೆ ಅಲ್ಲೇ ಇರುವ ‘ವಿಂಡೋಸ್ ಅಪ್‌ಡೇಟ್’ ಗುಂಡಿ ಒತ್ತಿ. ಇದಕ್ಕೆ ಮಾತ್ರ ಇಂಟರ್ನೆಟ್ ಬೇಕು. ಪಟ್ಟಿ ಮತ್ತೆ ತುಂಬಿಕೊಳ್ಳಲು ಹಲವು ನಿಮಿಷ ಹಿಡಿಯಬಹುದು. ಕಿಟಕಿ ಮುಚ್ಚಬೇಡಿ.

6. ಈಗಿರುವ ಡ್ರೈವರ್ ಬಳಸಬೇಕಾ, ಬದಲಿಸಬೇಕಾ ಅಂತ ಕೇಳಿದರೆ ಈಗಿರುವುದನ್ನೇ ಬಳಸಿ. ಹೆಸರು ಹಾಗೇ ಇರಲಿ. ಹಂಚಿಕೊಳ್ಳುವ ಆಯ್ಕೆ ಬೇಡ, ‘ಡು ನಾಟ್ ಶೇರ್’ ಒತ್ತಿ. ಕೊನೆಯಲ್ಲಿ ‘ಪ್ರಿಂಟ್ ಎ ಟೆಸ್ಟ್ ಪೇಜ್’ ಒತ್ತಿ ನೋಡಿ. ಫೈಲ್ ಹೆಸರು ಕೇಳುವ ಕಿಟಕಿ ಬಂದರೆ ಎಲ್ಲ ಸರಿಯಾಗಿದೆ.

ನಾಲ್ಕನೆಯ ಹಂತದಲ್ಲಿ ಪೋರ್ಟ್‌ಪ್ರಾಂಪ್ಟ್ ಇಲ್ಲವೇ ಇಲ್ಲ ಅಂದರೆ ವಿಂಡೋಸ್ ಫೀಚರ್ಸ್‌ನಲ್ಲಿ ಸೌಲಭ್ಯ ಆಫ್ ಇದೆಯೇ ಅಂತ ಹಿಂದೆ ಹೋಗಿ ನೋಡಿ.

ಎಲ್ಲ ಪ್ರಿಂಟರ್‌ಗಳೂ ಮಾಯವಾಗಿದ್ದರೆ

ಪಿಡಿಎಫ್ ಒಂದೇ ಅಲ್ಲ, ನಿಜವಾದ ಪ್ರಿಂಟರ್ ಹೆಸರೂ ಇಲ್ಲ ಅಂದರೆ ನೇರವಾಗಿ ಇಲ್ಲಿಗೆ ಬನ್ನಿ. ಪ್ರಿಂಟ್ ಸ್ಪೂಲರ್ ನಿಂತಿದೆ. ನೀವು ಕೊಡುವ ಪ್ರಿಂಟ್‌ಗಳನ್ನೆಲ್ಲಾ ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಕಳಿಸುವುದು ಇದರ ಕೆಲಸ. ಪಿಡಿಎಫ್ ಕೂಡ ಕಂಪ್ಯೂಟರಿನ ಕಣ್ಣಿಗೆ ಒಂದು ಪ್ರಿಂಟರೇ. ಹಾಗಾಗಿ ಸ್ಪೂಲರ್ ನಿಂತರೆ ಅದೂ ನಿಲ್ಲುತ್ತದೆ.

ಸ್ಟಾರ್ಟ್ ಒತ್ತಿ ‘ಸರ್ವಿಸಸ್’ ಎಂದು ಟೈಪ್ ಮಾಡಿ ತೆರೆಯಿರಿ. ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಹುಡುಕಿ ಎರಡು ಸಲ ಕ್ಲಿಕ್ ಮಾಡಿ. ‘ಸ್ಟಾರ್ಟಪ್ ಟೈಪ್’ ಎದುರು ‘ಆಟೋಮ್ಯಾಟಿಕ್’ ಇರಬೇಕು. ‘ಡಿಸೇಬಲ್ಡ್’ ಇದ್ದರೆ ಬದಲಿಸಿ ‘ಅಪ್ಲೈ’ ಒತ್ತಿ. ಆಮೇಲೆ ಕೆಳಗಿನ ‘ಸ್ಟಾರ್ಟ್’ ಒತ್ತಿ.

ಸ್ಟಾರ್ಟ್ ಆದ ಕೂಡಲೇ ಮತ್ತೆ ನಿಲ್ಲುತ್ತಿದ್ದರೆ ಸಾಲಿನಲ್ಲಿ ಯಾವುದೋ ಕೆಟ್ಟ ಪ್ರಿಂಟ್ ಸಿಕ್ಕಿಹಾಕಿಕೊಂಡಿರಬಹುದು. ಸ್ಪೂಲರನ್ನು ‘ಸ್ಟಾಪ್’ ಮಾಡಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಂ 32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಈ ಕೊನೆಯ ಫೋಲ್ಡರಿನ ಒಳಗಿರುವ ಫೈಲುಗಳನ್ನು ಅಳಿಸಿ. ಫೋಲ್ಡರನ್ನೇ ಅಳಿಸಬೇಡಿ. ಪಕ್ಕದ ‘ಡ್ರೈವರ್ಸ್’ ಫೋಲ್ಡರನ್ನಂತೂ ಮುಟ್ಟಲೇಬೇಡಿ. ಆಮೇಲೆ ಸ್ಪೂಲರ್ ಸ್ಟಾರ್ಟ್ ಮಾಡಿ. ಸಾಲಿನಲ್ಲಿದ್ದ ಹಳೆಯ ಪ್ರಿಂಟ್‌ಗಳು ಹೋಗಿರುತ್ತವೆ, ಅವನ್ನು ಮತ್ತೆ ಕೊಡಬೇಕು.

ಬ್ಯಾಂಕು, ಸರ್ಕಾರಿ ಆಫೀಸು, ಕಾಲೇಜಿನ ಕಂಪ್ಯೂಟರ್ ಆದರೆ ಒಂದು ಮಾತು. 2021ರಲ್ಲಿ ಸ್ಪೂಲರ್‌ನಲ್ಲಿ ದೊಡ್ಡ ಭದ್ರತಾ ಲೋಪ ಬಯಲಾಯಿತು. ‘ಪ್ರಿಂಟ್‌ನೈಟ್‌ಮೇರ್’ ಅಂತ ಅದಕ್ಕೆ ಹೆಸರು ಬಿತ್ತು. ಮೈಕ್ರೋಸಾಫ್ಟ್ ಆ ಜುಲೈನಲ್ಲಿ ತುರ್ತು ಅಪ್‌ಡೇಟ್ ಬಿಟ್ಟಿತು. ಪ್ರಿಂಟ್ ಬೇಡದ ಯಂತ್ರಗಳಲ್ಲಿ ಸ್ಪೂಲರ್ ನಿಲ್ಲಿಸಿ ಎಂಬ ಸಲಹೆಯೂ ಆಗ ಬಂದಿತ್ತು. ನಿಮ್ಮ ಆಫೀಸಿನಲ್ಲೂ ಬೇಕಂತಲೇ ನಿಲ್ಲಿಸಿರಬಹುದು. ಹಾಗಾಗಿ ಆಫೀಸಿನ ಯಂತ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳದೆ ಆನ್ ಮಾಡಬೇಡಿ. ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಮಾಡಲೂ ಆಗುವುದಿಲ್ಲ.

ಇನ್ನೂ ಹಟ ಹಿಡಿದಿದ್ದರೆ

ವಿಂಡೋಸ್ ಫೈಲುಗಳೇ ಕೆಟ್ಟಿರಬಹುದು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಟರ್ಮಿನಲ್ ಅಡ್ಮಿನ್’ ಅಥವಾ ‘ಪವರ್‌ಶೆಲ್ ಅಡ್ಮಿನ್’ ತೆರೆಯಿರಿ. ಇಂಗ್ಲಿಷಿನಲ್ಲಿ ಎಸ್, ಎಫ್, ಸಿ ಮೂರು ಅಕ್ಷರ, ಆಮೇಲೆ ಒಂದು ಜಾಗ, ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿಕೊಂಡು ‘ಸ್ಕ್ಯಾನ್‌ನೌ’ ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಒತ್ತಿ. ನೂರು ಪರ್ಸೆಂಟ್ ಆಗುವ ತನಕ ಬಿಡಿ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಚಹಾ ಕುಡಿದು ಬರುವಷ್ಟು ಹೊತ್ತಾಗುತ್ತದೆ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ, ವಿಂಡೋಸ್ ಫೀಚರ್ಸ್‌ನ ಟಿಕ್ ಕೆಲಸವನ್ನು ಮತ್ತೊಮ್ಮೆ ಮಾಡಿ. ಬಾಕಿ ಉಳಿದ ವಿಂಡೋಸ್ ಅಪ್‌ಡೇಟ್ ಇದ್ದರೆ ಅದನ್ನೂ ಮುಗಿಸಿಬಿಡಿ.

ಇದಾದ ಮೇಲೂ ಬಾರದಿದ್ದರೆ ಅಷ್ಟಕ್ಕಾಗಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಡಿ. ಲಿಬ್ರೆಆಫೀಸ್, ಬ್ರೌಸರ್ ಎರಡರಿಂದಲೇ ಬಹಳ ಕೆಲಸ ಸಾಗುತ್ತದೆ.

ವಿಂಡೋಸ್ 7 ಬಳಸುವವರು ಇಷ್ಟೆಲ್ಲಾ ಹುಡುಕುವ ಅಗತ್ಯವೇ ಇಲ್ಲ. ಅದರಲ್ಲಿ ಪಿಡಿಎಫ್ ಪ್ರಿಂಟರ್ ಇರಲೇ ಇಲ್ಲ. ಪಿಡಿಎಫ್‌ನಂಥದೇ ಬೇರೆ ಬಗೆಯ ಫೈಲ್ ಮಾಡುವ ಎಕ್ಸ್‌ಪಿಎಸ್ ಮಾತ್ರ ಇತ್ತು. ಆ ಫೈಲನ್ನು ಅರ್ಜಿಗಳಿಗೆ ಹಚ್ಚಲು ಹೋಗಬೇಡಿ, ಅರ್ಜಿಯ ಸೈಟುಗಳು ಕೇಳುವುದು ಪಿಡಿಎಫ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ನೆರವು 2020ರ ಜನವರಿಯಲ್ಲೇ ನಿಂತಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಜನರ ದಾಖಲೆ ಹಿಡಿಯುವ ಅಂಗಡಿಯಾದರೆ ಯಂತ್ರ ಬದಲಿಸುವ ಯೋಚನೆ ಮಾಡಿ.

ಫೋನಿನಲ್ಲಿ ಮಾಡುವುದಿದ್ದರೆ ಬಹಳ ಸುಲಭ. ಆ್ಯಂಡ್ರಾಯ್ಡ್‌ನಲ್ಲಿ ಕ್ರೋಮ್‌ನ ‘ಶೇರ್’ ಒಳಗೆ ‘ಪ್ರಿಂಟ್’, ಅದರಲ್ಲಿ ‘ಸೇವ್ ಆ್ಯಸ್ ಪಿಡಿಎಫ್’. ಅಷ್ಟೇ.

ಪ್ರಿಂಟ್ ಕೊಟ್ಟೆ, ಫೈಲ್ ಎಲ್ಲಿ?

ಪಿಡಿಎಫ್ ಪ್ರಿಂಟರ್ ಮರಳಿ ಬಂದ ಮೇಲೆ ಹೆಚ್ಚು ಜನ ಕೇಳುವುದು ಇದನ್ನೇ. ಪ್ರಿಂಟ್ ಒತ್ತಿದರೆ ಏನೂ ಆಗಲಿಲ್ಲ ಅನ್ನುತ್ತಾರೆ. ಹೆಸರು ಕೇಳುವ ಕಿಟಕಿ ಬೇರೆ ಕಿಟಕಿಗಳ ಹಿಂದೆ ಅಡಗಿರುತ್ತದೆ. ಆಲ್ಟ್ ಹಿಡಿದು ಟ್ಯಾಬ್ ಒತ್ತಿ ನೋಡಿ. ಹತ್ತು ಸಲ ಪ್ರಿಂಟ್ ಒತ್ತಿದ್ದರೆ ಹತ್ತು ಕಿಟಕಿ ಕಾದಿರುತ್ತವೆ. ಫೈಲ್ ಎಲ್ಲಿ ಉಳಿಯಿತು ಅಂತ ಗೊತ್ತಾಗದಿದ್ದರೆ ಮೊದಲು ‘ಡಾಕ್ಯುಮೆಂಟ್ಸ್’ ಫೋಲ್ಡರಿನಲ್ಲಿ ಹುಡುಕಿ. ಅದೇ ಹೆಸರಿನ ಹಳೆಯ ಪಿಡಿಎಫ್ ರೀಡರಿನಲ್ಲಿ ತೆರೆದಿದ್ದರೆ ಅದರ ಮೇಲೆ ಹೊಸದು ಸೇವ್ ಆಗುವುದಿಲ್ಲ. ಮುಚ್ಚಿ ಮತ್ತೆ ಕೊಡಿ.

ಹಾಳೆಯ ಅಳತೆಯನ್ನೂ ಒಮ್ಮೆ ನೋಡಿಕೊಳ್ಳಿ. ವಿಂಡೋಸ್ ಹಾಕುವಾಗ ದೇಶದ ಜಾಗದಲ್ಲಿ ಅಮೆರಿಕ ಅಂತ ಬಿಟ್ಟಿದ್ದರೆ ಹೊಸದಾಗಿ ಸೇರಿಸಿದ ಪಿಡಿಎಫ್ ಪ್ರಿಂಟರ್ ‘ಲೆಟರ್’ ಅಳತೆ ಹಿಡಿಯುತ್ತದೆ. ಲೆಟರ್ ಹಾಳೆ ಎ4ಗಿಂತ ತುಸು ಅಗಲ, ಉದ್ದ ಕಡಿಮೆ. ಎ4 ಅಂದರೆ 210 ಮಿಲಿಮೀಟರ್ ಅಗಲ, 297 ಉದ್ದ. ಪರದೆಯ ಮೇಲೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅಂಗಡಿಗೆ ಹೋಗಿ ಎ4 ಹಾಳೆಯ ಮೇಲೆ ಹೊಡೆಸಿದಾಗ ಅಂಚು ಏರುಪೇರಾಗುತ್ತದೆ, ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಿರುತ್ತದೆ. ಪ್ರಿಂಟರ್ಸ್ ಪುಟದಲ್ಲಿ ಪಿಡಿಎಫ್ ಪ್ರಿಂಟರ್ ಮೇಲೆ ಒತ್ತಿ ‘ಪ್ರಿಂಟಿಂಗ್ ಪ್ರಿಫರೆನ್ಸಸ್’, ಅದರಲ್ಲಿ ‘ಅಡ್ವಾನ್ಸ್ಡ್’ ತೆರೆದು ಎ4 ಮಾಡಿಡಿ.

ನುಡಿಯಲ್ಲಿ ಟೈಪ್ ಮಾಡುವವರಿಗೆ

ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಪಿಡಿಎಫ್ ಯಾಕೆ ಇಷ್ಟು ಬೇಕು ಅನ್ನುವುದಕ್ಕೆ ಕಾರಣ ಇಲ್ಲಿದೆ. ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್‌ಗಳಾದ ‘ನುಡಿ’, ‘ಬರಹ’ಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಚೆಂದದ ಕನ್ನಡ ಕಾಣುತ್ತದೆ. ಅದೇ ವರ್ಡ್ ಫೈಲನ್ನು ಪೆನ್ ಡ್ರೈವ್‌ನಲ್ಲಿ ಒಯ್ದು ಫಾಂಟ್ ಇಲ್ಲದ ಕಡೆ ತೆರೆದರೆ, ಇಂಗ್ಲಿಷ್ ಅಕ್ಷರಗಳ ಮೇಲೆ ಕೆಳಗೆ ಚುಕ್ಕೆ, ಬಾಲ ಹಚ್ಚಿದ ಅರ್ಥವಿಲ್ಲದ ಸಾಲುಗಳು ಕಾಣುತ್ತವೆ. ಮದುವೆ ಆಮಂತ್ರಣ, ಸಂಘದ ಠರಾವು, ಪ್ರಶ್ನೆಪತ್ರಿಕೆ, ಯಾವುದೇ ಇರಲಿ, ಒಂದಕ್ಷರವೂ ಓದಲು ಬಾರದ ಸ್ಥಿತಿ.

ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ ಫಾಂಟ್ ಫೈಲಿನ ಒಳಗೇ ಸೇರಿಕೊಳ್ಳುತ್ತದೆ. ಎಲ್ಲಿ ತೆರೆದರೂ ಅದೇ ಅಕ್ಷರ. ‘ಮುದ್ರಣ ಕಾಶಿ’ ಅಂತ ಹೆಸರಾದ ಗದಗಿನ ಪ್ರೆಸ್ಸಿಗೆ ಪುಸ್ತಕ ಕಳಿಸುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ವರ್ಡ್ ಫೈಲ್ ಒಂದನ್ನೇ ಕಳಿಸಿ ‘ನೀವೇ ಸರಿ ಮಾಡ್ಕೊಳ್ರಿ’ ಅಂದರೆ ಒತ್ತಕ್ಷರ, ಪುಟ ಎರಡೂ ಹಾರುತ್ತವೆ. ಪಿಡಿಎಫ್ ಕಳಿಸಿ. ತಿದ್ದುವ ಕೆಲಸ ಬಾಕಿ ಇದ್ದರೆ ಜೊತೆಗೆ ವರ್ಡ್ ಫೈಲ್ ಮತ್ತು ಬಳಸಿದ ಫಾಂಟಿನ ಹೆಸರನ್ನೂ ಕೊಡಿ.

ಒಂದು ಮಿತಿ ಇದೆ. ಹಳೆಯ ನುಡಿ ಫಾಂಟಿನ ಪಿಡಿಎಫ್ ಕಣ್ಣಿಗೆ ಕನ್ನಡವೇ, ಆದರೆ ಅದರಲ್ಲಿ ಹುಡುಕಾಟ ನಡೆಯುವುದಿಲ್ಲ. ‘ಧಾರವಾಡ’ ಅಂತ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಮತ್ತೆ ಅದೇ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಮುಂದೆ ಯಾರಾದರೂ ಹುಡುಕಿ ಓದಬೇಕಾದ ದಾಖಲೆ ಆಗಿದ್ದರೆ ಮೊದಲಿಂದಲೇ ಯೂನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗ ಇರುವ ವ್ಯವಸ್ಥೆಯಲ್ಲಿ, ಟೈಪ್ ಮಾಡಿ. ವಿಂಡೋಸ್‌ನಲ್ಲೇ ನಿರ್ಮಲಾ ಫಾಂಟ್ ಇದೆ. ಹೊಸ ನುಡಿಯಲ್ಲೂ ಯೂನಿಕೋಡ್ ಇದೆ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಶಾಲೆಯ ಇತಿಹಾಸ, ಊರಿನ ಜಾತ್ರೆಯ ದಾಖಲೆ, ಅಜ್ಜಿ ಹೇಳಿದ ಹಾಡು ಟೈಪ್ ಮಾಡಿಡುವವರು ಯೂನಿಕೋಡ್ ಬಿಟ್ಟು ಬೇರೆ ಬಳಸಬಾರದು.

ಕೋರೆಲ್‌ಡ್ರಾದಲ್ಲಿ ಆಮಂತ್ರಣ, ಬ್ಯಾನರ್ ಮಾಡುವವರಿಗೆ ಪಿಡಿಎಫ್ ಪ್ರಿಂಟರ್ ಬೇಡವೇ ಬೇಡ. ‘ಫೈಲ್’ ಮೆನುವಿನಲ್ಲಿ ‘ಪಬ್ಲಿಷ್ ಟು ಪಿಡಿಎಫ್’ ಇದೆ. ಅದಕ್ಕೂ ಮೊದಲು ಫೈಲಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಅಕ್ಷರಗಳನ್ನು ಆಯ್ದು ಕಂಟ್ರೋಲ್ ಕ್ಯೂ ಒತ್ತಿ. ಅಕ್ಷರಗಳು ಗೆರೆಗಳಾಗಿ ಬದಲಾಗುತ್ತವೆ, ಆಮೇಲೆ ಫಾಂಟಿನ ಚಿಂತೆಯೇ ಇರುವುದಿಲ್ಲ. ಗೆರೆಯಾದ ಅಕ್ಷರವನ್ನು ಮತ್ತೆ ಟೈಪ್ ಮಾಡಿ ತಿದ್ದಲಾಗುವುದಿಲ್ಲ. ಅದಕ್ಕೇ ಮೂಲ ಪ್ರತಿ ಬೇರೆ ಇರಲಿ. ವರನ ಹೆಸರಿನಲ್ಲಿ ಒಂದು ದೀರ್ಘ ತಪ್ಪಿದೆ ಅಂತ ರಾತ್ರಿ ಫೋನ್ ಬಂದಾಗ ಅದು ಬೇಕಾಗುತ್ತದೆ.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಪಿಡಿಎಫ್ ಅನ್ನು ಅಡೋಬ್ ರೀಡರ್‌ನಲ್ಲಿ ತೆರೆದು ಕಂಟ್ರೋಲ್ ಡಿ ಒತ್ತಿ. ‘ಫಾಂಟ್ಸ್’ ಅನ್ನುವ ಪುಟಕ್ಕೆ ಹೋಗಿ. ಬಳಸಿದ ಫಾಂಟ್‌ಗಳ ಹೆಸರು ಸಾಲಾಗಿ ಇರುತ್ತವೆ. ಪ್ರತಿಯೊಂದರ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಅಂತ ಬರೆದಿರಬೇಕು. ಬರೆದಿದ್ದರೆ ಆ ಫಾಂಟ್ ಒಳಗೆ ಸೇರಿದೆ, ಧೈರ್ಯವಾಗಿ ಕಳಿಸಿ. ಯಾವುದಾದರೂ ಕನ್ನಡ ಫಾಂಟಿನ ಮುಂದೆ ಆ ಪದ ಇಲ್ಲದಿದ್ದರೆ ಫೈಲನ್ನು ತಡೆಹಿಡಿಯಿರಿ. ವರ್ಡ್‌ಗೆ ಮರಳಿ ಸೇವ್ ಆ್ಯಸ್ ಕಿಟಕಿಯಲ್ಲಿ ಪಿಡಿಎಫ್ ಆರಿಸಿ, ‘ಆಪ್ಷನ್ಸ್’ ಒಳಗೆ ‘ಬಿಟ್‌ಮ್ಯಾಪ್ ಟೆಕ್ಸ್ಟ್’ ಅಂತ ಶುರುವಾಗುವ ಸಾಲಿಗೆ ಟಿಕ್ ಹಾಕಿ ಮತ್ತೆ ಮಾಡಿ. ಒಳಗೆ ಸೇರದ ಫಾಂಟಿನ ಅಕ್ಷರಗಳನ್ನು ವರ್ಡ್ ಆಗ ಚಿತ್ರದಂತೆ ಇಡುತ್ತದೆ. ಅಂಚು ಸ್ವಲ್ಪ ಮಂಕಾದೀತು, ಅಕ್ಷರ ಕೆಡುವುದಿಲ್ಲ.